ಸುಮ್ಮನಿರಬೇಕಾಗಿದ್ದ ದನಿ

ಪಿಸುಮಾತಕ್ಕ ಮೊದಲ ಸಲ ನಾಟಕಮಂದಿರದ ಮೆಟ್ಟಿಲಿಳಿದು ಬಂದ ದಿನ ಇಸ್ತ್ರಿಯಮ್ಮ ರಾಜನ ನಿಲುವಂಗಿಯ ಕಾಲರಿಗೆ ಗಂಜಿ ಹಾಕುತ್ತಿದ್ದಳು. ರಂಗದ ಹಲಗೆಗಳ ಕೆಳಗೆ ಎರಡು ಕೋಣೆ. ಒಂದು ಇಸ್ತ್ರಿ ಕೋಣೆ. ಪಕ್ಕದ್ದು ಕೋಣೆ ಎನ್ನುವುದಕ್ಕಿಂತ ಗೂಡು. ಒಬ್ಬರು ಮಂಡಿ ಮಡಚಿ ಕೂರುವಷ್ಟೇ ಜಾಗ. ಅಲ್ಲಿ ಕೂತವರ ತಲೆ ಮಾತ್ರ ರಂಗದ ಮುಂತುದಿಯಲ್ಲಿ ಮೇಲೆದ್ದಿರುತ್ತದೆ, ಎದುರಿಗೊಂದು ಮರದ ಮರೆ ಇರುವುದರಿಂದ ನೋಡುವ ಜನಕ್ಕೆ ಕಾಣುವುದಿಲ್ಲ. ನಟರು ಮಾತು ಮರೆತರೆ ಅಲ್ಲಿಂದ ಪಿಸುಗುಟ್ಟಿ ಎತ್ತಿಕೊಡಬೇಕು. ಇಸ್ತ್ರಿ ಕೋಣೆಗೂ ಗೂಡಿಗೂ ನಡುವೆ ಒಂದೇ ಒಂದು ಹಲಗೆಗೋಡೆ.

ಆ ಗೂಡಿನಲ್ಲಿ ಮುಂಚೆ ಕೂರುತ್ತಿದ್ದವರು ಇಸ್ತ್ರಿಯಮ್ಮನ ಯಜಮಾನರು. ಕೂತಲ್ಲೇ ತೀರಿಕೊಂಡರು. ಆವತ್ತು ನಟರೆಲ್ಲ ಒಂದು ಮಾತೂ ತಪ್ಪದೆ ಆಡಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಗೂಡು ಸುಮ್ಮನಿದೆಯೆಂದರೆ ಎಲ್ಲ ಸರಿಯಾಗಿದೆ ಎಂದೇ ಆ ಮಂದಿರದವರ ಲೆಕ್ಕ. ಪರದೆ ಬಿದ್ದಮೇಲೆ ಇಳಿದು ನೋಡಿದರೆ ನಾಟಕದ ಪ್ರತಿ ತೊಡೆಯ ಮೇಲೆ ತೆರೆದೇ ಇತ್ತು. ಬೆರಳು ಎರಡನೆಯ ಅಂಕದಲ್ಲಿ ನಿಂತಿತ್ತು. ಗೋಡೆಯ ಈಚೆ ಇಸ್ತ್ರಿಯಮ್ಮ ಅಷ್ಟು ಹೊತ್ತೂ ಸೈನಿಕರ ಷರಾಯಿಗೆ ಗೆರೆ ಕೂರಿಸುತ್ತಿದ್ದಳು. ಅವರು ಒಂದು ಸಲವಾದರೂ ಗೋಡೆ ತಟ್ಟಿದ್ದರೇ, ಇಸ್ತ್ರಿ ಪೆಟ್ಟಿಗೆಯ ಸದ್ದಿನಲ್ಲಿ ತನಗೆ ಕೇಳಿಸಲಿಲ್ಲವೇ ಎಂಬುದು ಅವಳ ಎದೆಯಲ್ಲಿ ಸಿಕ್ಕಿಕೊಂಡ ಮುಳ್ಳು. ಯಾರಿಗೂ ಹೇಳಿರಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಈ ಹೊಸಬಳು ಬಂದದ್ದು. ಉದ್ದನೆಯ ಹೆಂಗಸು, ನಡುವಯಸ್ಸು, ಹೆಗಲಿಗೊಂದು ಚೀಲ.

"ಗೂಡು ಅಂತಾರಲ್ಲ, ಯಾವುದಮ್ಮ ಅದು?"

"ನೀನು ನಿಂತಿರೋದೇ ಅದರ ಬಾಗಿಲಲ್ಲಿ. ತಲೆ ತಗ್ಗಿಸಿ ಹೋಗು. ತಗ್ಗಿಸದೋರಿಗೆ ಆ ತೊಲೆಯೇ ಬುದ್ಧಿ ಹೇಳುತ್ತೆ."

ಅವಳು ಬಗ್ಗಿ ಒಳಗೆ ನೋಡಿದಳು. "ಮುಂಚೆ ಇದ್ದೋರು ದಿಂಬು ಇಲ್ಲೇ ಬಿಟ್ಟು ಹೋಗಿದಾರೆ."

"ಹೂಂ. ನನ್ನ ಯಜಮಾನ್ರು ಅವರು. ಅಲ್ಲೇ ತೀರಿಕೊಂಡ್ರು."

ಇಂಥ ಹೊತ್ತಿನಲ್ಲಿ ಎಲ್ಲರೂ ಆಡುವ ಮಾತನ್ನು ಅವಳು ಆಡಲಿಲ್ಲ. "ನಾನು ಅದರ ಮೇಲೆ ಕೂತರೆ ನಿಮಗೆ ಬೇಜಾರಾಗುತ್ತಾ?" ಎಂದು ಕೇಳಿದಳು.

"ಕೂತುಕೋ. ಹೊಲಿಗೆ ಬಿಟ್ಟಿದೆ, ನಾಳೆ ಹಾಕಿಕೊಡ್ತೀನಿ."

ಹಾಗೆ ಶುರುವಾಯಿತು. ಅವಳು ಮೊದಲು ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುತ್ತಿದ್ದಳಂತೆ. ಊರಿನ ಮಾತೆಲ್ಲ ಕಿವಿಯ ಪಕ್ಕದಲ್ಲೇ ಹಾದುಹೋದರೂ ತಾನು ಬಾಯಿ ಬಿಡಬಾರದ ಕೆಲಸ. ಯಂತ್ರ ಬಂದು ಆ ಕೆಲಸ ಹೋಯಿತು. ಮದುವೆಯಾಗಿರಲಿಲ್ಲ. ಬೀಗ ರಿಪೇರಿ ಅಂಗಡಿಯ ಮಹಡಿಯಲ್ಲಿ ಒಂದು ಬಾಡಿಗೆ ಕೋಣೆ, ಬೇರೆ ಊರಿನಲ್ಲಿ ಔಷಧದಂಗಡಿ ಇಟ್ಟುಕೊಂಡ ಒಬ್ಬ ತಮ್ಮ, ಇಷ್ಟೇ ಅವಳ ಸಂಸಾರ. ಪಿಸುಮಾತಕ್ಕ ಎಂಬ ಹೆಸರು ಮಂದಿರದವರು ಇಟ್ಟದ್ದು.

ಅವಳ ಕೆಲಸದ ಹೆಚ್ಚುಗಾರಿಕೆ ಇದ್ದದ್ದು ಮಾತು ಕೊಡುವುದರಲ್ಲಲ್ಲ, ಕೊಡದೆ ಇರುವುದರಲ್ಲಿ. ಯಾವಾಗಲೂ ರಾಜನ ಪಾತ್ರವನ್ನೇ ಮಾಡುವ, ತಂಡದ ಯಜಮಾನನೂ ಆದ ಹಿರಿಯ ನಟನಿಗೆ ಎಲ್ಲರೂ ದೊರೆ ಎನ್ನುತ್ತಿದ್ದರು. ಒಂದು ನಾಟಕದಲ್ಲಿ ಮಗನ ಹೆಣ ತಂದು ಮುಂದೆ ಮಲಗಿಸಿದಾಗ ದೊರೆ ಬಾಯಿ ತೆರೆದು, ಮಾತೇ ಬರದವರಂತೆ ನಿಂತುಬಿಡುತ್ತಿದ್ದರು. ಎಷ್ಟು ಹೊತ್ತೆಂದರೆ, ನೋಡುವವರಿಗೆ ಈ ಮುದುಕ ನಿಜವಾಗಿಯೂ ಮಾತು ಮರೆತನೇ ಎಂದು ಕೈಕಾಲು ತಣ್ಣಗಾಗಬೇಕು. ಹೊಸಬರಾದವರು ಹೆದರಿ ಅಲ್ಲಿ ಮಾತು ಎತ್ತಿಕೊಟ್ಟುಬಿಡುತ್ತಾರೆ. ಪಿಸುಮಾತಕ್ಕ ಮೊದಲ ದಿನವೇ ಕೊಡಲಿಲ್ಲ.

"ಗೊತ್ತಾಗಿದ್ದು ಹೇಗೆ ನಿನಗೆ?" ಎಂದು ದೊರೆ ಕೆಳಗಿಳಿದು ಬಂದು ಕೇಳಿದರು.

"ಮಾತು ಮರೆತೋರು ನನ್ನ ಕಡೆ ನೋಡ್ತಾರೆ. ನೀವು ನೋಡಲಿಲ್ಲ."

"ಇಸ್ತ್ರಿಯಮ್ಮ, ನಿಮ್ಮ ಯಜಮಾನ್ರು ಆದಮೇಲೆ ನನ್ನ ಮೌನಕ್ಕೆ ಕೈ ಹಾಕದೋಳು ಇವಳೊಬ್ಬಳೇ ನೋಡಿ" ಎಂದು ದೊರೆ ಹೋದರು. ಇಸ್ತ್ರಿಯಮ್ಮನಿಗೆ ಆ ಮಾತು ಹಿತವೂ ಆಯಿತು, ಒಳಗೆಲ್ಲೋ ಚುಚ್ಚಿತು ಕೂಡ.

ವರುಷಗಳು ಉರುಳಿದವು. ಪಿಸುಮಾತಕ್ಕನಿಗೆ ಮೊದಲು ಮಂಡಿ ನೋವು ಬಂತು, ಆಮೇಲೆ ಬೆನ್ನು, ಆಮೇಲೆ ಮೈಯ ಮೂಳೆ ಮೂಳೆ. ಗೂಡಿನಲ್ಲಿ ಮುದುರಿ ಕೂತರೆ ಇನ್ನೇನಾಗುತ್ತೆ ಎಂದರು. ಬಾಯಾರಿಕೆ ಶುರುವಾಯಿತು. ಪ್ರತಿ ಅಂಕ ಮುಗಿಯುವಷ್ಟರಲ್ಲಿ ಹೂಜಿ ಖಾಲಿ, ಪರದೆ ಬಿದ್ದ ತಕ್ಷಣ ಬಚ್ಚಲಿಗೆ ಓಟ. "ಎಷ್ಟನೇ ಅಂಕ ಅಂತ ನಿನ್ನ ಹೂಜಿ ನೋಡಿದ್ರೆ ಸಾಕು ಕಣೇ" ಎಂದು ಇಸ್ತ್ರಿಯಮ್ಮ ತಮಾಷೆ ಮಾಡುವಳು. ಮೂತ್ರದಲ್ಲಿ ಕಲ್ಲಾಗಿ ಒಂದು ಸಲ ನೆಲಕ್ಕೆ ಬಿದ್ದು ಹೊರಳಾಡಿದಳು. ಕಲ್ಲು ಹೋಯಿತು, ಸುಸ್ತು ಹೋಗಲಿಲ್ಲ. ತಮ್ಮನಿಗೆ ಅಕ್ಕನೆಂದರೆ ಪ್ರಾಣ. ಮೂಳೆ ನೋಯುತ್ತದಲ್ಲ ಎಂದು ತನ್ನ ಅಂಗಡಿಯಿಂದಲೇ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿ ತಂದುಕೊಟ್ಟು, "ಒಂದು ದಿನವೂ ತಪ್ಪಿಸ್ಬೇಡ" ಎಂದು ಹೇಳಿ ಹೋಗುತ್ತಿದ್ದ. ಅವಳು ತಪ್ಪಿಸಲೂ ಇಲ್ಲ.

ಆಮೇಲೆ ಮನಸ್ಸು ಮಸುಕಾಯಿತು. ಇಟ್ಟದ್ದು ಇಟ್ಟಲ್ಲಿ ಸಿಗದು. ಕೂತಲ್ಲಿ ಕಣ್ಣು ತುಂಬಿಕೊಳ್ಳುವುದು. ಒಂದು ಮಧ್ಯಾಹ್ನ ಇಸ್ತ್ರಿ ಮೇಜಿನ ಪಕ್ಕ ನಿಂತು, ಹೊರಗೆ ಬಿಸಿಲು ಜೋರು ಎನ್ನುವಷ್ಟೇ ಸಲೀಸಾಗಿ ಹೇಳಿದಳು:

"ಅಮ್ಮಾ, ಗೂಡಿನಲ್ಲಿ ನನ್ನ ಹಿಂದೆ ಇನ್ನೊಬ್ಬರು ಕೂತಿರ್ತಾರೆ. ನನಗಿಂತ ಮುಂಚೆ ಮಾತು ಕೊಡ್ತಾರೆ."

ಇಸ್ತ್ರಿಯಮ್ಮ ಮೊದಲು ಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತಿ ಕಲ್ಲಿನ ಮೇಲಿಟ್ಟಳು. ಆಮೇಲೆ ಕೇಳಿದಳು: "ಗಂಡಸಾ, ಹೆಂಗಸಾ?"

"ಗಂಡಸು."

ಆವತ್ತಿನಿಂದ ಇಸ್ತ್ರಿಯಮ್ಮ ಹಲಗೆಗೋಡೆಗೆ ಕಿವಿ ಕೊಟ್ಟು ನಿಲ್ಲತೊಡಗಿದಳು. ಪಿಸುಮಾತಕ್ಕನ ಉಸಿರು ಕೇಳುತ್ತಿತ್ತು, ಹಾಳೆ ತಿರುವಿದ್ದು ಕೇಳುತ್ತಿತ್ತು. ಒಂದೊಂದು ಸಲ ಅವಳು ಯಾರಿಗೋ "ಗೊತ್ತು, ಗೊತ್ತು" ಎನ್ನುವುದೂ ಕೇಳುತ್ತಿತ್ತು. ಇನ್ನೊಂದು ದನಿ ಮಾತ್ರ ಇಲ್ಲ. ಆದರೂ ನಿಲ್ಲುವುದನ್ನು ಬಿಡಲಾಗಲಿಲ್ಲ. ರಾತ್ರಿ ಮನೆಯ ಜೋಡಿ ಹಾಸಿಗೆಯಲ್ಲಿ ಒಬ್ಬರೇ ಮಲಗಿ ಅಭ್ಯಾಸವಾಗಿದ್ದ ಮೈ ಮತ್ತೆ ಗೋಡೆಯ ಬದಿಗೆ ಸರಿದು ಜಾಗ ಬಿಡತೊಡಗಿತು.

ಒಂದು ದಿನ ಪಿಸುಮಾತಕ್ಕನೇ ಕೇಳಿದಳು. "ನಿಮ್ಮ ಯಜಮಾನ್ರೇ ಇರಬೇಕು ಅಮ್ಮಾ. ಏನಾದ್ರೂ ಕೇಳ್ಬೇಕಾ ಅವರನ್ನ? ಕೇಳಲಾ?"

ಗೋಡೆ ತಟ್ಟಿದ್ದಿರಾ ಎಂಬುದು ನಾಲಿಗೆಯ ತುದಿಯವರೆಗೂ ಬಂತು. ತಟ್ಟಿದ್ದೆ ಎಂದುಬಿಟ್ಟರೆ?

"ಬೇಡ" ಎಂದಳು ಇಸ್ತ್ರಿಯಮ್ಮ. "ನೀರು ಕುಡಿ."

ಆಗಬಾರದ್ದು ಆ ವಾರವೇ ಆಯಿತು. ಮಗನ ಹೆಣದ ಮುಂದೆ ದೊರೆ ಬಾಯಿ ತೆರೆದು ನಿಂತಿದ್ದರು. ಮಂದಿರದಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಗೂಡಿನಿಂದ, ಜೋರಾಗಿಯೂ ಅಲ್ಲ, ಎಂದಿನ ದನಿಯಲ್ಲೇ, ಮುಂದಿನ ಮಾತು ಬಂತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಿಂದಿನ ಸಾಲಿನವರೆಗೂ ಹೋಯಿತು.

ದೊರೆ ಕೂಗಾಡಲಿಲ್ಲ. ಕೆಳಗೆ ಬಂದು ಮೆಟ್ಟಿಲ ಮೇಲೆ ಕೂತರು. "ಏನಾಯ್ತಕ್ಕ?"

"ನಾನಲ್ಲ ದೊರೆ, ಅವರು ಕೊಟ್ಟಿದ್ದು. ನಾನು ಬೇಡ ಅಂದೆ."

ದೊರೆ ಇಸ್ತ್ರಿಯಮ್ಮನ ಮುಖ ನೋಡಿದರು. ಇಸ್ತ್ರಿಯಮ್ಮ ನೆಲ ನೋಡಿದಳು.

ತಮ್ಮನಿಗೆ ಸುದ್ದಿ ಹೋಯಿತು. ಅವನು ಬಂದು ಪೇಟೆಯ ಡಾಕ್ಟರಲ್ಲಿ ರಕ್ತ ಕೊಡಿಸಿದ. ಕ್ಯಾಲ್ಸಿಯಂ ಹಿಡಿತದಲ್ಲಿಡುವ ಹಾರ್ಮೋನ್ ನಾರ್ಮಲ್. ಕ್ಯಾಲ್ಸಿಯಂ ಕೂದಲೆಳೆಯಷ್ಟು ಮೇಲೆ, ನೀರು ಕಮ್ಮಿಯಾಗಿರಬೇಕು ಎಂದರು. ಇನ್ನೊಂದು ಸಲ ಕೊಡಿಸಿದ. ಅದೇ ಉತ್ತರ.

"ಮೈಯಲ್ಲಿ ಏನೂ ಇಲ್ಲಮ್ಮ, ಮನಸ್ಸಿನದ್ದು" ಎಂದು ತಮ್ಮ ಕಣ್ಣೊರೆಸಿಕೊಂಡ. "ನಮ್ಮೂರಲ್ಲಿ ತಲೆ ಕೆಟ್ಟೋರನ್ನ ಇಟ್ಟುಕೊಳ್ಳೋ ಒಂದು ಜಾಗ ಇದೆ. ತಿಂಗಳ ಕೊನೆಗೆ ಕರ್ಕೊಂಡು ಹೋಗ್ತೀನಿ. ಗೂಡಿಗೆ ಬೇರೆಯವರನ್ನ ನೋಡಿಕೊಳ್ಳೋಕೆ ದೊರೆಗೆ ಹೇಳಿಬಿಡಿ."

"ನಾನು ಹೋಗಲ್ಲ" ಎಂದಳು ಪಿಸುಮಾತಕ್ಕ. "ಗೂಡು ಬಿಟ್ಟರೆ ನನಗೆ ಏನಿದೆಯೋ?"

ಅವಳನ್ನು ಉಳಿಸಿದ್ದು ಮತ್ತೊಂದು ಕಲ್ಲು. ತಿಂಗಳ ನಡುವೆ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದಳು. ಇಸ್ತ್ರಿಯಮ್ಮ ಅವಳನ್ನು ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಅಲ್ಲಿದ್ದ ಡಾಕ್ಟರಮ್ಮ ನೋವಿಗೆ ಸೂಜಿ ಹಾಕಿದಮೇಲೆ ಹೋಗಿ ಎನ್ನಲಿಲ್ಲ. ಹಿಂದೆ ಕಲ್ಲು ಬಂದಿತ್ತಾ, ಮೂಳೆ ನೋಯುತ್ತಾ, ಎಷ್ಟು ನೀರು ಕುಡೀತೀರಿ, ಮಲ ಸಲೀಸಾಗಿ ಹೋಗುತ್ತಾ ಎಂದು ಕೇಳುತ್ತಲೇ ಹೋದಳು. ಅರ್ಧಕ್ಕೆ ಇಸ್ತ್ರಿಯಮ್ಮನೇ ಉತ್ತರ ಹೇಳಿದಳು, ಯಾವ ಅಂಕಕ್ಕೆ ಎಷ್ಟು ಲೋಟ ಎನ್ನುವುದೂ ಸೇರಿ. ಡಾಕ್ಟರಮ್ಮ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದಳು. ಕೆಲವು ದಿನ ಬಿಟ್ಟು, ಒಂದೇ ಸಲ ತೆಗೆದ ರಕ್ತದಲ್ಲಿ ಕ್ಯಾಲ್ಸಿಯಂ, ಹಾರ್ಮೋನ್, ವಿಟಮಿನ್ ಡಿ, ಕಿಡ್ನಿ ಎಲ್ಲವನ್ನೂ ಒಟ್ಟಿಗೆ ನೋಡಿಸಿದಳು. ಫಲಿತಾಂಶದ ದಿನ ತಮ್ಮನೂ ಬಂದಿದ್ದ.

"ಹಾರ್ಮೋನ್ ಈ ಸಲವೂ ನಾರ್ಮಲ್ಲೇ ಅಲ್ವಾ ಡಾಕ್ಟ್ರೇ?"

"ನಾರ್ಮಲ್ಲೇ. ಅದೇ ನನಗೆ ಸರಿ ಕಾಣ್ತಿಲ್ಲ."

"ನಾರ್ಮಲ್ ಇರೋದೇ ತಪ್ಪಾ?"

ಡಾಕ್ಟರಮ್ಮ ತನ್ನ ಕತ್ತಿನ ಮೇಲೆ ಎರಡು ಬೆರಳಿಟ್ಟುಕೊಂಡಳು. "ಇಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಂಥ ನಾಲ್ಕು ಗ್ರಂಥಿ ಇರ್ತವೆ. ಪ್ಯಾರಾಥೈರಾಯ್ಡ್ ಅಂತ. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾದ್ರೆ ಹಾರ್ಮೋನ್ ಬಿಟ್ಟು ಮೂಳೆಯಿಂದ ತರಿಸ್ತವೆ. ಜಾಸ್ತಿಯಾದ್ರೆ ಸುಮ್ಮನಾಗ್ಬೇಕು. ಇವರ ಕ್ಯಾಲ್ಸಿಯಂ ಮೂರು ಸಲವೂ ಜಾಸ್ತಿ. ಅಂಥ ಹೊತ್ತಲ್ಲಿ ಈ ಹಾರ್ಮೋನ್ ತಳ ಸೇರಿರಬೇಕಿತ್ತು. ಅದು ನಡುವೆ ಆರಾಮಾಗಿ ಕೂತಿದೆ. ನಾರ್ಮಲ್ ಅಂತ ಬರೆದಿರೋ ಅಂಕಿ ಕ್ಯಾಲ್ಸಿಯಂ ಸರಿಯಿರೋ ಜನರದ್ದು. ಎರಡನ್ನೂ ಬೇರೆ ಬೇರೆ ಓದಿದ್ರೆ ಏನೂ ಕಾಣಲ್ಲ. ಪಕ್ಕಪಕ್ಕ ಇಟ್ಟು ಓದ್ಬೇಕು."

ಎಷ್ಟೋ ದಿನದಿಂದ ಎಲ್ಲಿಯೂ ನಿಲ್ಲದಿದ್ದ ಪಿಸುಮಾತಕ್ಕನ ಕಣ್ಣು ಡಾಕ್ಟರಮ್ಮನ ಮುಖದ ಮೇಲೆ ನಿಂತಿತು.

"ನಟ ಮಾತಾಡ್ತಾ ಇರುವಾಗಲೇ ಗೂಡಿನಿಂದ ಮಾತು ಕೊಟ್ಟ ಹಾಗೆ" ಎಂದಳು. "ಕಿರುಚಿಲ್ಲ. ಎಂದಿನ ದನಿಯಲ್ಲೇ. ಅದಕ್ಕೇ ಯಾರಿಗೂ ತಪ್ಪು ಅನ್ನಿಸಿಲ್ಲ."

"ನಿಮ್ಮ ಕೆಲಸ ನನಗೆ ಗೊತ್ತಿಲ್ಲ. ಆದ್ರೆ ಹೌದು, ಸುಮ್ಮನಿರಬೇಕಾದಾಗ ಸುಮ್ಮನಿಲ್ಲ."

ತಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದ. "ನಾನೇ ಕ್ಯಾಲ್ಸಿಯಂ ತಿನ್ನಿಸಿದೆ ಡಾಕ್ಟ್ರೇ."

"ನಿಮ್ಮ ಮಾತ್ರೆಯೇ ಕಾರಣ ಆಗಿದ್ರೆ ಆ ಗ್ರಂಥಿಗಳು ಬಾಯಿ ಮುಚ್ಚಿಕೊಂಡಿರ್ತಿದ್ವು. ಕಾರಣ ನೀವಲ್ಲ. ಇನ್ನು ಮೇಲೆ ಮಾತ್ರ ಕೇಳದೆ ಕೊಡ್ಬೇಡಿ. ರಕ್ತದೊತ್ತಡದ ಮಾತ್ರೆ, ಮನಸ್ಸಿನ ಮಾತ್ರೆ ಏನಾದ್ರೂ ತಗೊಳ್ತಿದ್ರಾ? ಕೆಲವು ಮಾತ್ರೆಯಿಂದಲೂ ಹೀಗಾಗುತ್ತೆ." ಇಲ್ಲವೆಂದರು. "ಹಾಗಾದ್ರೆ ಇನ್ನೊಂದೇ ಅನುಮಾನ. ಮನೆತನದಲ್ಲಿ ಬರೋ ಒಂದು ಬಗೆ ಇದೆ, ನೋಡೋಕೆ ಹೀಗೇ ಇರುತ್ತೆ. ಅದರಲ್ಲಿ ಮೂತ್ರಕ್ಕೆ ಕ್ಯಾಲ್ಸಿಯಂ ಹೆಚ್ಚು ಇಳಿಯಲ್ಲ, ಕೆಟ್ಟ ಗ್ರಂಥಿ ತೆಗೆಯೋ ಆಪರೇಷನ್ನೂ ಮಾಡಬಾರದು. ಒಂದು ಹಗಲು, ಒಂದು ರಾತ್ರಿ ಮೂತ್ರ ಪೂರ್ತಿ ಹಿಡಿದು ತನ್ನಿ. ಒಂದು ಸಲದ್ದು ಚೆಲ್ಲಿದ್ರೂ ಲೆಕ್ಕ ಕೆಡುತ್ತೆ."

ಎಲ್ಲರೂ ಎದ್ದಮೇಲೆ ಇಸ್ತ್ರಿಯಮ್ಮ ಬಾಗಿಲಲ್ಲಿ ನಿಂತಳು. "ಇವಳಿಗೆ ಒಂದು ದನಿ ಕೇಳುತ್ತೆ ಡಾಕ್ಟ್ರೇ. ಅದೂ ಹೋಗುತ್ತಾ?"

"ಕ್ಯಾಲ್ಸಿಯಂ ಮನಸ್ಸನ್ನೂ ಕಲಕುತ್ತಮ್ಮ. ಹೋಗಬಹುದು. ಹೋಗೇ ಹೋಗುತ್ತೆ ಅಂತ ಮಾತ್ರ ನಾನು ಹೇಳಲ್ಲ."

ಮೂತ್ರ ಹಿಡಿಯುವ ಕೆಲಸವನ್ನು ಇಸ್ತ್ರಿಯಮ್ಮನೇ ವಹಿಸಿಕೊಂಡಳು. ಮುಚ್ಚಳದ ದೊಡ್ಡ ಕ್ಯಾನನ್ನು ಇಸ್ತ್ರಿ ಮೇಜಿನ ಕೆಳಗೆ ತಂಪಿನಲ್ಲಿಟ್ಟು, ಪಿಸುಮಾತಕ್ಕ ಎದ್ದಾಗಲೆಲ್ಲ ಹಿಂದೆಯೇ ಹೋಗಿ, ಹಿಡಿದದ್ದನ್ನು ತಂದು ಸುರಿಯುತ್ತಿದ್ದಳು. ದೊರೆ ಇಣುಕಿ, "ಏನಮ್ಮ ಅದು, ಷರಬತ್ತಾ?" ಎಂದರು.

"ರುಚಿ ನೋಡಿ ನೀವೇ ಹೇಳಿ ದೊರೆ."

ವಿಷಯ ತಿಳಿದು ದೊರೆ ಮೆಟ್ಟಿಲಲ್ಲಿ ಹಿಂದಕ್ಕೇ ಹತ್ತಿದ್ದನ್ನು ಕಂಡು ಪಿಸುಮಾತಕ್ಕನೂ ನಕ್ಕಳು. ಆಮೇಲೆ ನಗು ಅರ್ಧಕ್ಕೆ ನಿಲ್ಲಿಸಿ ಗೂಡಿನ ಕಡೆ ತಿರುಗಿ, "ಅವರೂ ನಗ್ತಿದಾರೆ" ಎಂದಳು.

ಸಂಜೆಯ ಹೊತ್ತಿಗೆ ಪಿಸುಮಾತಕ್ಕ ಬಟ್ಟೆಗಂಟಿಗೆ ಒರಗಿ ನಿದ್ದೆ ಹೋಗಿದ್ದಳು. ಮೇಲೆ ತಾಲೀಮು ಇರಲಿಲ್ಲ. ಇಸ್ತ್ರಿಯಮ್ಮನ ಕೈಯಲ್ಲಿ ಅವಳು ಒರಗುವ ಮುಂಚೆ ಹಿಡಿದು ತಂದ ಪಾತ್ರೆ. ಅದನ್ನು ಮೋರಿಗೆ ಸುರಿದರೆ ಸಾಕಿತ್ತು. ಲೆಕ್ಕ ಕೆಡುತ್ತದೆ. ಡಾಕ್ಟರಮ್ಮ ಬೇರೆ ಕಾಯಿಲೆ ಎಂದುಕೊಳ್ಳುತ್ತಾಳೆ. ಕತ್ತಿಗೆ ಯಾರೂ ಕೈ ಹಾಕುವುದಿಲ್ಲ. ಗೂಡಿನಲ್ಲಿ ಕೂತವರು ಕೂತೇ ಇರುತ್ತಾರೆ. ಯಾವತ್ತೋ ಒಂದು ದಿನ, ಧೈರ್ಯ ಬಂದಾಗ, ಆ ಒಂದು ಮಾತನ್ನು ಕೇಳಬಹುದು. ಮೋರಿಯ ಹತ್ತಿರ ನಿಂತವಳಿಗೆ ಗೋಡೆಯಾಚೆಯ ಗೂಡು ಎಂದೂ ಇಲ್ಲದಷ್ಟು ಸದ್ದಿಲ್ಲದೆ ಇದೆ ಎನ್ನಿಸಿತು, ಯಾರೋ ಉಸಿರು ಬಿಗಿಹಿಡಿದು ಇವಳೇನು ಮಾಡುತ್ತಾಳೆ ಎಂದು ನೋಡುತ್ತಿರುವ ಹಾಗೆ.

ನಿದ್ದೆಯಲ್ಲಿ ಪಿಸುಮಾತಕ್ಕ ನರಳಿದಳು. ಮಗ್ಗುಲು ಬದಲಿಸಲು ಮೂಳೆ ಬಿಡಲಿಲ್ಲ.

ಇಸ್ತ್ರಿಯಮ್ಮ ತಿರುಗಿ ಬಂದು ಪಾತ್ರೆಯನ್ನು ಕ್ಯಾನಿಗೆ ಬಗ್ಗಿಸಿದಳು. ಕೊನೆಯ ಹನಿ ಬೀಳುವವರೆಗೂ ಹಿಡಿದಿದ್ದು, ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಆಮೇಲೆ ಹಲಗೆಗೋಡೆಗೆ ಬೆನ್ನು ಕೊಟ್ಟು ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಯಜಮಾನರು ಹೋದ ದಿನ ಅವಳಿಗೆ ಅಳು ಬಂದಿರಲಿಲ್ಲ.

ಮೂತ್ರದಲ್ಲಿ ಕ್ಯಾಲ್ಸಿಯಂ ಧಾರಾಳವಾಗಿತ್ತು, ಮನೆತನದ ಬಗೆ ಅಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವೆಂದು ತಮ್ಮ ಮತ್ತೆ ಕಂಗಾಲಾದ. ಸ್ಕ್ಯಾನ್ ಇರುವುದು ಕೆಟ್ಟ ಗ್ರಂಥಿ ಎಲ್ಲಿದೆಯೆಂದು ಹುಡುಕುವುದಕ್ಕೆ, ಇದೆಯೋ ಇಲ್ಲವೋ ಎಂದು ಹೇಳುವುದಕ್ಕಲ್ಲ, ರಕ್ತ ಆಗಲೇ ಹೇಳಿಯಾಗಿದೆ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದಳು. ಇಂಥ ಕತ್ತಿನಲ್ಲಿ ಕೈಯಾಡಿ ಪಳಗಿದ ಸರ್ಜನ್ ಹತ್ತಿರ ಕಳಿಸಿದಳು. ಮಾತಿನ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ, ಅಪರೂಪಕ್ಕೆ ದನಿ ಒಡೆಯುವುದುಂಟು ಎಂದು ಸರ್ಜನ್ ಮುಚ್ಚುಮರೆಯಿಲ್ಲದೆ ಹೇಳಿದರು.

"ಒಡೆದರೆ ಪಿಸುಗುಟ್ಟೋಕಾದ್ರೂ ಆಗುತ್ತಾ?" ಎಂದಳು ಪಿಸುಮಾತಕ್ಕ.

"ಪಿಸುಗುಟ್ಟೋಕೆ ತೊಂದರೆ ಇಲ್ಲ."

"ಅಷ್ಟಿದ್ದರೆ ಸಾಕು, ಮಾಡಿ."

ನಾಲ್ಕರಲ್ಲಿ ಒಂದು ಗ್ರಂಥಿ ಹುರುಳಿಕಾಯಿಯ ಬೀಜದಷ್ಟು ಊದಿಕೊಂಡಿತ್ತು. ಅದನ್ನು ತೆಗೆದು, ಆಪರೇಷನ್ ಮೇಜಿನ ಮೇಲಿದ್ದಂತೆಯೇ ಮತ್ತೆ ರಕ್ತ ನೋಡಿದಾಗ ಹಾರ್ಮೋನ್ ಇಳಿದಿತ್ತು. ದನಿ ಒಡೆಯಲಿಲ್ಲ. ಕೆಲವು ದಿನ ತುಟಿ, ಬೆರಳತುದಿ ಜುಮುಗುಟ್ಟಿದವು. ಹಸಿದಿದ್ದ ಮೂಳೆಗಳು ಈಗ ಕ್ಯಾಲ್ಸಿಯಂ ಎಳೆದುಕೊಳ್ಳುತ್ತಿವೆ, ಸ್ವಲ್ಪ ಕಾಲ ಮಾತ್ರೆ ಬೇಕು ಎಂದರು. ತಮ್ಮ ಈ ಸಲ ಬರೆಸಿಕೊಂಡು ಬಂದು ಕೊಟ್ಟ.

ಮಬ್ಬು ಒಂದೇ ಸಲ ಹರಿಯಲಿಲ್ಲ. ಮೊದಲು ಬಾಯಾರಿಕೆ ಹೋಯಿತು, ನಿದ್ದೆ ಬಂತು, ನೋವು ದಿನಕ್ಕಿಷ್ಟು ತಗ್ಗಿತು. ಎರಡು ತಿಂಗಳಿಗೆ ಪಿಸುಮಾತಕ್ಕ ತಲೆ ತಗ್ಗಿಸಿ ಗೂಡಿಗೆ ಇಳಿದಳು. ದೊರೆ ಮಗನ ಹೆಣದ ಮುಂದೆ ಬಾಯಿ ತೆರೆದು ನಿಂತರು. ಇಸ್ತ್ರಿಯಮ್ಮ ಪೆಟ್ಟಿಗೆ ಎತ್ತಿಟ್ಟು ಗೋಡೆಗೆ ಕಿವಿ ಕೊಟ್ಟಳು. ಆಚೆ ಒಂದೇ ಉಸಿರು. ಮೇಲೆ ದೊರೆ ತಾವಾಗಿಯೇ ಮಾತು ಶುರು ಮಾಡಿದರು.

ಅಂಕ ಮುಗಿದಮೇಲೆ ಪಿಸುಮಾತಕ್ಕ ಹೊರಗೆ ಬಂದು ಇಸ್ತ್ರಿಯಮ್ಮನನ್ನು ನೋಡಿ ತಲೆ ಅಲ್ಲಾಡಿಸಿದಳು, ಇಲ್ಲ ಎನ್ನುವಂತೆ. ಇಸ್ತ್ರಿಯಮ್ಮ, "ಒಳ್ಳೇದಾಯ್ತು" ಎಂದಳು. ಆ ವಿಷಯ ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ, ಎಷ್ಟೋ ವರುಷ. ಒಟ್ಟಿಗೆ ಉಂಡರು, ಜಗಳವಾಡಿದರು, ದೊರೆಯ ಹೊಟ್ಟೆ ದಪ್ಪವಾದಂತೆಲ್ಲ ನಿಲುವಂಗಿಯ ಹೊಲಿಗೆ ಬಿಚ್ಚಿ ಬಿಡಿಸಿದರು. ಇಸ್ತ್ರಿಯಮ್ಮನಿಗೆ ಮಾತ್ರ ಗೋಡೆಯ ಕಡೆ ಬೆನ್ನು ಮಾಡಿ ನಿಂತು ಕೆಲಸ ಮಾಡುವುದು ಕೊನೆಯವರೆಗೂ ಆಗಲಿಲ್ಲ.

ಮಂದಿರವನ್ನು ಬೇರೆಯವರು ಕೊಂಡು ಕೆಡವುವುದೆಂದಾದಾಗ ತಂಡ ದೂರದ ಊರಿಗೆ ಹೊರಟಿತು. ಇಸ್ತ್ರಿಯಮ್ಮನಿಗೆ ಅಷ್ಟು ದೂರ ಹೋಗುವ ವಯಸ್ಸಲ್ಲ. ಮಗಳ ಮನೆಗೆ ಹೊರಡುವವಳು ಬಸ್ಸಿನ ತನಕ ಬಂದಳು. ಪಿಸುಮಾತಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಕತ್ತಿನ ಗೆರೆ ಈಗ ಚರ್ಮದ ಸುಕ್ಕಿನೊಳಗೆ ಸೇರಿಹೋಗಿತ್ತು. ಮಾತ್ರೆ ಇಟ್ಟುಕೊಂಡಿದೀಯಾ, ವರ್ಷಕ್ಕೊಮ್ಮೆ ರಕ್ತ ಕೊಡೋದು ಮರೀಬೇಡ ಎಂದು ಇಸ್ತ್ರಿಯಮ್ಮ ಹೇಳಿದ್ದನ್ನೇ ಹೇಳುತ್ತಿದ್ದಳು. ಬಸ್ಸು ಗುರುಗುಟ್ಟಿತು. ಪಿಸುಮಾತಕ್ಕ ಕಿಟಕಿಯಿಂದ ಬಗ್ಗಿ ಅವಳ ಕೈ ಹಿಡಿದುಕೊಂಡಳು.

"ಅಮ್ಮಾ, ಒಂದು ಕೇಳ್ಬೇಕಿತ್ತು. ಇಷ್ಟು ವರ್ಷ ಧೈರ್ಯ ಬರಲಿಲ್ಲ. ನನ್ನದು ಕಾಯಿಲೆ, ಗೊತ್ತು. ಆದ್ರೂ ಆಗ ಕೇಳಿದ ಆ ದನಿ ನೆನಪಿನಿಂದ ಹೋಗಿಲ್ಲ. ನಿಮ್ಮ ಯಜಮಾನ್ರು ಬದುಕಿದ್ದಾಗಲೂ ಮಾತು ಎತ್ತಿಕೊಡೋ ಮುಂಚೆ, ಪ್ರತಿ ಸಲವೂ, ಬೆರಳ ಗೆಣ್ಣಿನಿಂದ ಗೋಡೆಯನ್ನ ಮೆಲ್ಲಗೆ ಒಂದು ಸಲ ತಟ್ಟುತ್ತಿದ್ರಾ?"